ರಂಗೋಲಿಯಲ್ಲಿ ಬಂದ ನೀರಿನ ಟ್ಯಾಂಕು

ಕಂಪ್ಲಿ ಕಡೆಯ ಒಂದು ಹಳ್ಳಿಗೆ ಪಂಚಾಯ್ತಿಯ ಅಭಿವೃದ್ಧಿ ಯೋಜನೆ ಮಾಡಿಸಲು ಹೋಗಿದ್ದೆ. ಊರಿನ ನಕ್ಷೆಯನ್ನು ಊರವರೇ ನೆಲದ ಮೇಲೆ ಬರೆಯಬೇಕು. ಏನಿದೆ, ಏನಿಲ್ಲ ಅಂತ ನಾವು ನೋಡಿಕೊಳ್ಳಬೇಕು. ಶಾಲೆಯ ಅಂಗಳದಲ್ಲಿ ಹೆಂಗಸರ ಕೈಗೆ ರಂಗೋಲಿ ಪುಡಿ ಕೊಟ್ಟು ನಾನು ಚಹಾ ಕುಡಿಯಲು ಹೋದೆ.

ಬಂದು ನೋಡಿದರೆ ಕಾಲುವೆ ಬಳ್ಳಿಯಾಗಿತ್ತು, ಗುಡಿಗೆ ಎಸಳು ಬಂದಿದ್ದವು. ಮೇಲಿನ ಓಣಿಯ ನೀರಿನ ಟ್ಯಾಂಕಿಗೆ ಜೋಡಿಯಾಗಿ ಕೆಳಗಿನ ಓಣಿಯಲ್ಲೂ ಒಂದು ಟ್ಯಾಂಕು ನಿಂತಿತ್ತು.

“ಕೆಳಗ ಟ್ಯಾಂಕ್ ಎಲ್ಲೈತ್ರಿ?” ಅಂದೆ.

ಕೆಳಗಿನ ಓಣಿಯ ಗಂಗಮ್ಮ ಕೈ ಜಾಡಿಸಿಕೊಂಡು, “ಇಲ್ರಿ. ನೀರಿಗೆ ನಾವು ಮ್ಯಾಲಕ್ಕ ಹೋಗ್ತೀವಿ. ಆದ್ರ ಒಂದ ಕಡಿ ಹಾಕಿದ್ರ ರಂಗೋಲಿ ಸೊಟ್ಟ ಕಾಣ್ತೈತಲ್ರಿ,” ಅಂದರು.

ಅಳಿಸಿ ಅಂದರೆ ಒಬ್ಬರೂ ಮುಂದೆ ಬರಲಿಲ್ಲ. ಅಷ್ಟು ಚೆಂದದ ರಂಗೋಲಿಯ ಮೇಲೆ ಕಾಲಿಡುವವರು ಯಾರು? ಪಂಚಾಯ್ತಿಯ ಪಿಡಿಒ ಕೂಡ ಚಪ್ಪಲಿ ಬಿಟ್ಟು, ಸುತ್ತು ಬಳಸಿ ಬಂದು, ಬಹಳ ಹೊತ್ತು ನೋಡಿದರು. “ಖರೇನ ಟ್ಯಾಂಕ್ ಇಲ್ಲಂದ್ರ ಊರು ಸೊಟ್ಟನ ಕಾಣ್ತೈತಿ. ಯೋಜನ್ಯಾಗ ಸೇರಿಸ್ರಿ,” ಅಂದರು. ಗ್ರಾಮಸಭೆಯಲ್ಲಿ ಎಲ್ಲರೂ ಕೈ ಎತ್ತಿದರು.

ಈ ಸಲ ಯೋಜನೆ ಪರಿಷ್ಕರಿಸಲು ಹೋದಾಗ ಕೆಳಗಿನ ಓಣಿಯಲ್ಲಿ ನಿಜವಾದ ಟ್ಯಾಂಕಿತ್ತು, ಅದರ ಬುಡದಲ್ಲಿ ಕೊಡಗಳ ಸದ್ದು, ನಗು. ಗಂಗಮ್ಮ ದೂರದಿಂದಲೇ, “ಬರ್ರಿ ಸರ, ಬಣ್ಣದ ಪುಡಿ ತಂದೀರಿಲ್ಲೋ?” ಅಂದರು.

ಪಿಡಿಒ ನನ್ನ ಕಿವಿಯಲ್ಲಿ, “ಹಸಿರು ಮಾತ್ರ ಕೊಡಬ್ಯಾಡ್ರಿ, ಪಾರ್ಕ್ ಬರೀತಾರ,” ಅಂದರು.

ನನ್ನ ಚೀಲದಲ್ಲಿ ಹಸಿರೇ ಜಾಸ್ತಿ ಇತ್ತು.