ಎರಡನೇ ಒಪ್ಪಿಗೆ

ಸಿಂಗಪುರಕ್ಕೆ ಬಂದ ಮೊದಲ ಎರಡು ವರ್ಷ ಜುರಾಂಗ್ ವೆಸ್ಟ್‌ನ ಒಂಬತ್ತನೇ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಕೆಲಸ ತಂಜಾಂಗ್ ಪಗಾರ್‌ನ ಬ್ಯಾಂಕೊಂದರ ಸಾಫ್ಟ್‌ವೇರ್ ವಿಭಾಗದಲ್ಲಿ. ಊಟದ ಹೊತ್ತಿಗೆ ಎಲ್ಲರೂ ಗುಂಪು ಗುಂಪಾಗಿ ಕೆಳಗಿನ ಹಾಕರ್ ಸೆಂಟರಿನ ಊಟದ ಅಂಗಡಿಗಳಿಗೆ ಇಳಿಯುತ್ತಿದ್ದರು. ಕರೆದರೆ ಹೋಗೋಣ ಅಂತ ನಾನು, ಬಂದರೆ ಬರಲಿ ಅಂತ ಅವರು. ಬಿಗುಮಾನ ನನ್ನದೇ, ಒಪ್ಪಿಕೊಳ್ಳುತ್ತೇನೆ. ಶನಿವಾರ, ಭಾನುವಾರ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮಾತು ಅಂತ ಇದ್ದದ್ದು ಒಂದೇ ಕಡೆ. ದೇಶ ದೇಶಗಳ ಸ್ವಯಂಸೇವಕರು ಸೇರಿ ಕಟ್ಟುತ್ತಿದ್ದ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯೊಂದಕ್ಕೆ ನಾನು ಪರೀಕ್ಷಕನಾಗಿದ್ದೆ. ಸಂಬಳವಿಲ್ಲ, ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ. ಯಾವುದೇ ಸಾಫ್ಟ್‌ವೇರಿನ ಹೊಸ ಪ್ಯಾಕೇಜ್ ಬಂದರೆ ಅದನ್ನು ಕಂಪ್ಯೂಟರಿಗೆ ಹಾಕಿ, ಓಡಿಸಿ, ತೆಗೆದು, ಸರಿಯಿದೆಯೋ ಇಲ್ಲವೋ ಎಂದು ಗುಂಪಿಗೆಲ್ಲ ಮೇಲ್ ಬರೆಯಬೇಕು. ಇಬ್ಬರು ಒಪ್ಪಿದರೆ ಮಾತ್ರ ಅದು ಜನರಿಗೆ ಹೋಗುತ್ತಿತ್ತು. ಹೆಚ್ಚಾಗಿ ಮೊದಲ ಒಪ್ಪಿಗೆ ಯುರೋಪಿನ ಯಾವುದೋ ಚಳಿ ಊರಿನ ನಿವೃತ್ತ ಮೇಷ್ಟ್ರೊಬ್ಬರದು, ಎರಡನೆಯದು ನನ್ನದು.

ಮೇಷ್ಟ್ರು ವರದಿಯ ಕೊನೆಗೆ ಒಂದೆರಡು ಸಾಲು ಸೇರಿಸುತ್ತಿದ್ದರು. ಹಿಮ ಮಂಡಿಯವರೆಗೆ ಬಂದಿದೆ. ಹೆಂಡತಿ ಜಾಮ್ ಮಾಡಲು ಹೋಗಿ ಅಡುಗೆಮನೆಯೆಲ್ಲ ಅಂಟಂಟು ಮಾಡಿದ್ದಾಳೆ. ನಾನೂ ಬರೆಯುತ್ತಿದ್ದೆ: ಲಿಟಲ್ ಇಂಡಿಯಾದಲ್ಲಿ ಜೋಳದ ಹಿಟ್ಟು ಸಿಕ್ಕಿತು, ರೊಟ್ಟಿ ತಟ್ಟಿದರೆ ಭೂಪಟವಾಯಿತು. ಎರಡು ದಿನ ನನ್ನ ವರದಿ ಕಾಣದಿದ್ದರೆ ಎಲ್ಲಿ ಹೋದಿರಿ ಎಂದು ಅವರು ವಿಚಾರಿಸುತ್ತಿದ್ದರು. ನಿಜ ಹೇಳುತ್ತೇನೆ, ಆ ಎರಡು ಸಾಲಿಗಾಗಿಯೇ ನಾನು ಸಂಜೆ ರೈಲು ಹತ್ತಿ ಕೋಣೆಗೆ ಓಡಿ ಬರುತ್ತಿದ್ದೆ.

ಅದನ್ನು ಕೆಡಿಸಿದವನೂ ನಾನೇ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಪ್ಯಾಕೇಜ್‌ಗಳು ಪರೀಕ್ಷೆಗೆ ಕಾದು ಕೂತಿವೆ ಅಂತ ಗುಂಪಿನಲ್ಲಿ ಗೊಣಗಾಟ ಶುರುವಾಗಿತ್ತು. ದೀಪಾವಳಿಯ ರಜೆಗೆ ಶನಿವಾರ, ಭಾನುವಾರ ಸೇರಿಕೊಂಡು ಮೂರು ದಿನ ಸಿಕ್ಕಿತು. ಕೂತು ಒಂದು ಟೂಲ್ ಬರೆದೆ. ದಿನಾ ಬೆಳಿಗ್ಗೆ ಅದು ತಾನಾಗಿಯೇ ಹೊಸ ಪ್ಯಾಕೇಜ್‌ಗಳನ್ನು ತಂದು, ಹಾಕಿ, ಓಡಿಸಿ, ತೆಗೆದು, ತಪ್ಪು ಕಾಣದಿದ್ದರೆ ಆ ಕಂಪ್ಯೂಟರಿನ ಯಜಮಾನನ ಹೆಸರಿನಲ್ಲಿ ‘ಎಲ್ಲ ಸರಿಯಿದೆ’ ಎಂದು ಕಳಿಸಿಬಿಡುತ್ತಿತ್ತು. ಆ ವಾರ ಬಂದಷ್ಟು ಹೊಗಳಿಕೆ ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಮೇಷ್ಟ್ರೂ ಆ ಟೂಲನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡರು. ಆಮೇಲೆ ಹಿಮವೂ ಇಲ್ಲ, ಜಾಮೂ ಇಲ್ಲ, ಎಲ್ಲರದೂ ಅದೇ ಸಾಲು. ಅವರಿಗೆ ಬೇರೆಯಾಗಿ ಮೇಲ್ ಬರೆಯಬಹುದಿತ್ತು. ಆದರೆ ಪ್ಯಾಕೇಜಿನ ನೆಪವಿಲ್ಲದೆ ಏನಂತ ಬರೆಯುವುದು ಎಂದು ಸಂಕೋಚವಾಗಿ ಸುಮ್ಮನಿದ್ದೆ.

ಮುಂದಿನ ವರ್ಷ ನನಗೆ ಚಿಕನ್‌ಪಾಕ್ಸ್ ಬಂತು. ನಮ್ಮ ಧಾರವಾಡದ ಕಡೆಯಾದರೆ ಅಮ್ಮ ಬಂದಿದ್ದಾಳೆ ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹಾಸಿಗೆಯ ಪಕ್ಕ ಯಾರಾದರೂ ಕೂತಿರುತ್ತಿದ್ದರು. ಇಲ್ಲಿ ಡಾಕ್ಟರು ರಜೆ ಚೀಟಿ ಕೊಟ್ಟು, ಹೊರಗೆ ಬರಬೇಡ ಅಂದರು. ಮನೆಯೊಡತಿ ಚೀನೀ ಆಂಟಿ ಗಂಜಿಯ ಬಟ್ಟಲನ್ನು ಬಾಗಿಲ ಹೊರಗಿಟ್ಟು, "ಯೂ ಓಕೆ ಆ?" ಎಂದು ಕೂಗಿ, ನಾನು ಹ್ಞೂಂ ಅಂದ ಮೇಲೆಯೇ ಹೋಗುತ್ತಿದ್ದರು.

ನಾಲ್ಕನೇ ದಿನ ಕಷ್ಟಪಟ್ಟು ಎದ್ದು ಮೇಲ್ ತೆರೆದೆ. ಯಾರಾದರೂ ಕೇಳಿರುತ್ತಾರೆ ಅನ್ನುವ ಆಸೆ. ಯಾರೂ ಕೇಳಿರಲಿಲ್ಲ. ಕೇಳುವುದಾದರೂ ಯಾಕೆ? ಮೈತುಂಬ ಗುಳ್ಳೆ ಎದ್ದು ಮಲಗಿದವನ ಹೆಸರಿನಲ್ಲಿ ದಿನಾ ಬೆಳಿಗ್ಗೆ ‘ಎಲ್ಲ ಸರಿಯಿದೆ’ ಅಂತ ಹೋಗುತ್ತಲೇ ಇತ್ತು. ಮೊದಲು ನಗು ಬಂತು, ಆಮೇಲೆ ಅಳು. ಒಂದು ಮಾತಿಗೆ ಇಷ್ಟು ಹಸಿದಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಆದರೂ ಮೇಷ್ಟ್ರ ವರದಿ ಮಾತ್ರ ದಿನಾ ತೆಗೆದು ನೋಡುತ್ತಿದ್ದೆ. ಅವರಾದರೂ ಚೆನ್ನಾಗಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹನ್ನೊಂದು ದಿನ ಮಲಗಿ ಎದ್ದವನೇ ನನ್ನ ಕಂಪ್ಯೂಟರಿನಲ್ಲಿ ಟೂಲ್ ನಿಲ್ಲಿಸಿದೆ. ಒಂದು ಪ್ಯಾಕೇಜನ್ನು ಕೈಯಾರೆ ಪರೀಕ್ಷೆ ಮಾಡಿ ಬರೆದೆ: ಪ್ಯಾಕೇಜ್ ಸರಿಯಿದೆ, ನಾನು ಸರಿಯಿರಲಿಲ್ಲ, ಇಷ್ಟು ದಿನ ವರದಿ ಕಳಿಸಿದ್ದು ಯಂತ್ರ.

ಮೂರು ದಿನದ ಮೇಲೆ ಮೇಷ್ಟ್ರ ಉತ್ತರ ಬಂತು, ಗುಂಪಿಗಲ್ಲ, ನನಗೊಬ್ಬನಿಗೆ.

"ನಿಮಗೆ ವಾಸಿಯಾದದ್ದು ಸಂತೋಷ. ನನ್ನ ಹೆಂಡತಿ ತೀರಿಕೊಂಡು ಮೂರು ವಾರವಾಯಿತು. ಇವತ್ತಿನವರೆಗೆ ಕಂಪ್ಯೂಟರಿನ ಮುಂದೆ ನಾನು ಕೂತೇ ಇರಲಿಲ್ಲ. ನಿಮ್ಮ ಟೂಲ್ ಇದ್ದದ್ದು ಒಳ್ಳೆಯದಾಯಿತು, ಕೆಲಸ ನಿಲ್ಲಲಿಲ್ಲ."

ಹಳೆಯ ವರದಿಗಳನ್ನು ಒಂದೊಂದಾಗಿ ತೆರೆದೆ. ಮೂರು ವಾರ, ದಿನಾ ಬೆಳಿಗ್ಗೆ, ಅವರ ಹೆಸರಿನಲ್ಲಿ ‘ಎಲ್ಲ ಸರಿಯಿದೆ’. ನಾನು ಟೂಲ್ ನಿಲ್ಲಿಸುವವರೆಗೆ ಪ್ರತಿಯೊಂದರ ಕೆಳಗೂ ನನ್ನ ಹೆಸರಿನಲ್ಲಿ ಎರಡನೇ ಒಪ್ಪಿಗೆ ಇತ್ತು.