ಕಿರುಬೆರಳಿಗೆ ತಕ್ಕ ಗಿಟಾರ್

ಶಿರಾದ ಮಿಸ್ತ್ರಿಯೊಬ್ಬರು ಹಲಸಿನ ಮರದಲ್ಲಿ ಗಿಟಾರ್ ಮಾಡಿಕೊಡುತ್ತಾರೆಂದು ತಿಳಿದು, ಮಧುಗಿರಿಯಿಂದ ಅಳತೆಗಳನ್ನು ಅಚ್ಚುಕಟ್ಟಾಗಿ ಬರೆದುಕೊಂಡೇ ಹೋಗಿದ್ದೆ. ಅವರು ಕಾಗದ ನೋಡಲೇ ಇಲ್ಲ.

"ಎಡಗೈ ಕೊಡಿ ಇಂಗೆ."

ಅಪರಿಚಿತರಿಗೆ ಕೈ ಕೊಡುವ ಅಭ್ಯಾಸ ನನಗಿಲ್ಲ. ಅದರಲ್ಲೂ ಆ ಕೈಯ ಕಿರುಬೆರಳು ಹುಟ್ಟಿನಿಂದಲೇ ಸೊಟ್ಟ, ತಂತಿಗೆ ಎಟುಕುವುದಿಲ್ಲ. ಕಾನ್ವೆಂಟಿನ ಸಂಗೀತದ ಸಿಸ್ಟರ್ ಅದನ್ನು ನೋಡಿಯೇ ನನ್ನನ್ನು ಗಿಟಾರ್ ತರಗತಿಯಿಂದ ಎಬ್ಬಿಸಿ ಹಾಡುವವರ ಸಾಲಿಗೆ ಕಳಿಸಿದ್ದರು.

"ಅಳತೆ ಕಾಗದದಲ್ಲಿದೆ" ಎಂದೆ.

"ಕಾಗದ ಬಾರ್ಸಲ್ಲ ಕಣಮ್ಮ, ನೀವು ಬಾರ್ಸೋದು."

ಕೈ ಚಾಚಿದೆ. ಬೆರಳಿಗೆ ದಾರ ಹಿಡಿದು ಅಳೆದವರು, "ಗಿಟಾರಿನ ಕತ್ತು ಸಣ್ಣ ಮಾಡಿ ತಂತಿ ಅತ್ರ ತಂದ್ಬುಟ್ರೆ ಆಯ್ತು. ಇಷ್ಟಕ್ಕಾ ಇಷ್ಟು ವರ್ಷ ಸುಮ್ನಿದ್ರಿ?" ಎಂದರು. ನಾನು ಅಳತೆಯ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಎರಡು ತಿಂಗಳಿಗೆ ಗಿಟಾರ್ ಕೈಗೆ ಬಂತು. ಕಿರುಬೆರಳು ತಂತಿಯನ್ನು ಒತ್ತಿತು, ಸ್ವರ ಸ್ಪಷ್ಟವಾಗಿ ಹೊರಟಿತು. ಗಿಟಾರ್ ಬಲ್ಲ ನನ್ನ ಸೊಸೆ ಅದನ್ನೆತ್ತಿಕೊಂಡು ಪ್ರಯತ್ನಿಸಿ, "ಅತ್ತೆ, ನನ್ನ ಬೆರಳು ಒಂದರ ಮೇಲೊಂದು ಬೀಳ್ತಾವೆ" ಎಂದು ಹಿಂದಿರುಗಿಸಿದಳು.

ನನ್ನ ಕೊಡೆ, ಪೆನ್ನು, ಕತ್ತರಿಗಳನ್ನು ಈ ಮನೆಯಲ್ಲಿ ಎಲ್ಲರೂ ಕೇಳದೆಯೇ ಒಯ್ಯುತ್ತಾರೆ. ಗಿಟಾರ್ ಮಾತ್ರ ಇಟ್ಟ ಜಾಗದಲ್ಲೇ ಇರುತ್ತದೆ.