ಏಳಿಂಚಿನ ಕಡ್ಡಿ

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ ಅಟ್ಟ ಗುಡಿಸುವುದು ನನ್ನ ಕ್ರಮ. ಈ ಸಲ ಹಳೆಯ ಡಬ್ಬಗಳ ಹಿಂದೆ ಒಂದು ಮರದ ಕಡ್ಡಿ ಸಿಕ್ಕಿತು. ತುದಿಯಲ್ಲಿ ಒಣಗಿದ ಸಿಮೆಂಟು. ಉದ್ದ ಏಳಿಂಚು. ಅಳೆಯುವ ಅಗತ್ಯವಿರಲಿಲ್ಲ... ಆದರೂ ಅಳೆದೆ.

ವಿದ್ಯಾರಣ್ಯಪುರದ ಈ ಮನೆ ಕಟ್ಟಿದ ಮೇಸ್ತ್ರಿಯ ಕಡ್ಡಿ ಅದು. ಅವರು ಚಿಕ್ಕಜಾಲದಿಂದ ಬರುತ್ತಿದ್ದರು. ಒಂದೊಂದು ಮೆಟ್ಟಿಲಿಗೂ ಆ ಕಡ್ಡಿ ನಿಲ್ಲಿಸಿ ನೋಡುವರು. ಎತ್ತರ ಏಳಿಂಚು, ಪಾದವಿಡಲು ಹತ್ತಿಂಚು, ಒಟ್ಟು ಹದಿನಾರು ಮೆಟ್ಟಿಲು.

ದೇವರ ಮನೆ ಮಹಡಿಯಲ್ಲಿತ್ತು. ನನ್ನ ತಾಯಿ ದಿನಕ್ಕೆರಡು ಸಲ ಹತ್ತಿಳಿಯಬೇಕು. ಅವರ ಕಣ್ಣಿಗೆ ಪೊರೆ ಬಂದಿತ್ತು. ಮೆಟ್ಟಿಲು ಮುಗಿದ ದಿನ ಅವರು ಗೋಡೆ ಹಿಡಿದು ಲಾಭ, ನಷ್ಟ, ಲಾಭ, ನಷ್ಟ ಎಂದು ಎಣಿಸುತ್ತ ಹತ್ತಿದರು. ಕೊನೆಯದು ಲಾಭಕ್ಕೆ ಬರಬೇಕೆಂಬುದು ನಮ್ಮಲ್ಲಿ ಕಟ್ಟಳೆ. ನಷ್ಟಕ್ಕೆ ನಿಂತಿತು.

"ನಷ್ಟ ತುಳ್ಕೊಂಡು ದೇವರ ಹತ್ರ ಹೋಗ್ಲೇನೋ?" ಎಂದರು.

ಗೃಹಪ್ರವೇಶಕ್ಕೆ ನಾಲ್ಕೇ ದಿನ. ಬುಡದಲ್ಲಿ ಇಟ್ಟಿಗೆಯ ಅರ್ಧ ಮೆಟ್ಟಿಲು ಸೇರಿಸಲು ಮೇಸ್ತ್ರಿಗೆ ಹೇಳಿದೆ.

"ಬ್ಯಾಡ ಸಾ. ಅಮ್ಮೋರ್ಗೆ ಕಣ್ಣು ಮಂಜು. ಮೆಟ್ಲು ಇಳಿಯೋದು ಕಾಲಿನ ಲೆಕ್ಕದಾಗೆ. ಒಂದು ಗಿಡ್ಡ ಆದ್ರೆ ಕಾಲು ಮೋಸ ಓಗ್ತದೆ."

"ಹೇಳಿದಷ್ಟು ಮಾಡ್ರೀ."

ಮಾಡಿದರು. ಮೂರೂವರೆ ಇಂಚು.

ಗೃಹಪ್ರವೇಶದ ದಿನ ಊಟಕ್ಕೆ ಕರೆದರೂ ಬಾರದೆ ಮೇಸ್ತ್ರಿ ಮೆಟ್ಟಿಲ ಬುಡದಲ್ಲೇ ನಿಂತಿದ್ದರು. ನನಗೆ ಸಿಟ್ಟು ಬಂತು. ಅಷ್ಟರಲ್ಲಿ ತಾಯಿ ಆರತಿ ತಟ್ಟೆ ಹಿಡಿದು ಇಳಿಯತೊಡಗಿದರು. ಹದಿನೈದು ಮೆಟ್ಟಿಲು ಸರಾಗ. ಆಮೇಲೆ ಕಾಲಿಗೆ ಅರ್ಧದಲ್ಲೇ ಇಟ್ಟಿಗೆ ಸಿಕ್ಕಿತು. ನೆಲ ಬಂತೆಂದುಕೊಂಡು ಮುಂದಿನ ಹೆಜ್ಜೆ ಇಟ್ಟರು... ನಾನು ಬಾಗಿಲಲ್ಲಿದ್ದೆ, ಹತ್ತು ಹೆಜ್ಜೆ ದೂರ. ತಟ್ಟೆ ಠಣ್ಣೆಂದಿತು. ಮೇಸ್ತ್ರಿ ಎರಡೂ ತೋಳು ಚಾಚಿ ತಾಯಿಯನ್ನು ಹಿಡಿದುಕೊಂಡಿದ್ದರು. ದೀಪದ ಎಣ್ಣೆಯೆಲ್ಲ ಅವರ ಅಂಗಿಯ ಮೇಲೆ.

ಮರುದಿನ, ನಾನು ಹೇಳುವ ಮೊದಲೇ, ಆ ಇಟ್ಟಿಗೆ ಒಡೆದು ತೆಗೆದರು.

"ಮತ್ತೆ ನಷ್ಟ ಆಯ್ತಲ್ಲಪ್ಪ," ಎಂದರು ತಾಯಿ.

"ನೆಲ ಯಾರ್ದಮ್ಮಾ? ನಿಮ್ದೇ ತಾನೆ? ಅದ್ನೂ ಎಣಿಸ್ಕೊಳ್ಳಿ."

ತಾಯಿ ನೆಲಕ್ಕೆ ಲಾಭ ಎಂದು ಶುರುಮಾಡಿ, ಮೇಲೆ ಲಾಭಕ್ಕೇ ತಲುಪಿ ನಕ್ಕರು. "ಕಿಲಾಡಿ ಕಣಯ್ಯಾ ನೀನು!"

ಇರುವಷ್ಟು ಕಾಲ ಹಾಗೇ ಎಣಿಸಿದರು. ಒಮ್ಮೆಯೂ ಎಡವಲಿಲ್ಲ. ತಪ್ಪು ನನ್ನದೆಂದು ಮೇಸ್ತ್ರಿಗೆ ಹೇಳಬೇಕಿತ್ತು... ಹೇಳಲಿಲ್ಲ. ಕಳೆದ ವರ್ಷ ಚಿಕ್ಕಜಾಲಕ್ಕೆ ಹೋಗಿ ವಿಚಾರಿಸಿದೆ. ಅವರು ತೀರಿಕೊಂಡು ಬಹಳ ದಿನವಾಯಿತೆಂದು ಅವರ ಹೆಂಡತಿ ಹೇಳಿದರು.

ಈಗ ನನ್ನ ಕಣ್ಣಿಗೂ ಪೊರೆ. ಕಡ್ಡಿಯನ್ನು ಒರೆಸಿ ಜೇಬಿಗಿಟ್ಟುಕೊಂಡು, ಕಂಬಿ ಹಿಡಿದು ಮೆಟ್ಟಿಲು ಇಳಿದೆ. ಹದಿನಾರೂ ಏಳೇಳು ಇಂಚು. ಬುಡದಲ್ಲಿ ತೋಳು ಚಾಚಿ ನಿಂತವರು ಯಾರೂ ಇರಲಿಲ್ಲ. ಬೇಕಾಗಲೂ ಇಲ್ಲ.